ಎಂಜಿನಿಯರಿಂಗ್ ಓದುತ್ತಿರುವವರಿಗೆ ವಿಎಫ್‌ಎಕ್ಸ್‌ನಲ್ಲಿ ಏನು ಕೆಲಸ?

ವಿಷುವಲ್ ಎಫೆಕ್ಟ್ಸ್ ಅಥವಾ ವಿಎಫ್‌ಎಕ್ಸ್ ಎಂದು ಕರೆಯುವ ಚಲನಚಿತ್ರಗಳ ಗ್ರಾಫಿಕ್ಸ್ ಕೆಲಸವನ್ನು ವೃತ್ತಿಯಾಗಿ ಆರಿಸಿಕೊಳ್ಳುವ ಬಗ್ಗೆ ಈ ಅಂಕಣಕ್ಕೆ ಬಂದಿರುವ ಪತ್ರಗಳಲ್ಲಿ ಬಹುಪಾಲು ಎಂಜಿನಿಯರಿಂಗ್ ವಿದ್ಯಾರ್ಥಿಗಳು ಇಲ್ಲವೇ ಅವರ ಮನೆಯವರು ಬರೆದಂಥವು. ಒಂದೇ ಬಗೆಯ ಪ್ರಶ್ನೆಗಳನ್ನು ಕೂಡಿಸಿ, ಆಯ್ದ ಕೆಲವಕ್ಕೆ ಇಲ್ಲಿ ಉತ್ತರ ಕೊಡಲಾಗಿದೆ.

ಪ್ರಶ್ನೆ: ನಾನು ಮೆಕ್ಯಾನಿಕಲ್ ಎಂಜಿನಿಯರಿಂಗ್ ಐದನೆಯ ಸೆಮಿಸ್ಟರ್ ವಿದ್ಯಾರ್ಥಿ. ಸಿನಿಮಾಗಳಲ್ಲಿ ಬರುವ ಸ್ಫೋಟ, ಪ್ರವಾಹ, ಕಟ್ಟಡ ಕುಸಿಯುವ ದೃಶ್ಯಗಳನ್ನು ಹೇಗೆ ಮಾಡುತ್ತಾರೆಂಬ ಕುತೂಹಲ ಪಿಯುಸಿ ದಿನಗಳಿಂದಲೂ ಇದೆ. ಆದರೆ ನನಗೆ ಚಿತ್ರ ಬಿಡಿಸಲು ಬರುವುದಿಲ್ಲ. ಓದನ್ನು ಇಲ್ಲಿಗೇ ನಿಲ್ಲಿಸಿ ಬೆಂಗಳೂರಿನಲ್ಲಿ ಆನಿಮೇಷನ್ ಕೋರ್ಸ್ ಸೇರಿದರೆ ಒಳ್ಳೆಯದೇ?
– ವಿದ್ಯಾರ್ಥಿ, ದಾವಣಗೆರೆ

ಉತ್ತರ: ಓದನ್ನು ನಿಲ್ಲಿಸಬೇಡಿ. ನೀವು ಹೆಸರಿಸಿರುವ ಸ್ಫೋಟ, ಪ್ರವಾಹ, ಕುಸಿತ ಈ ಮೂರೂ ಚಿತ್ರಕಲೆಗಿಂತ ಹೆಚ್ಚಾಗಿ ನೀವು ಈಗ ಓದುತ್ತಿರುವ ವಿಷಯಗಳಿಗೇ ಸೇರಿದವು.

ವಿಎಫ್‌ಎಕ್ಸ್ ಎಂಬುದು ಒಂದೇ ಕಸುಬಲ್ಲ. ಚಿತ್ರೀಕರಣವಾದ ಒಂದು ಶಾಟ್ ಸ್ಟುಡಿಯೋದೊಳಕ್ಕೆ ಬಂದು ಮುಗಿದು ಹೊರಗೆ ಹೋಗುವುದರೊಳಗೆ ಹಲವು ವಿಭಾಗಗಳ ಕೈ ದಾಟುತ್ತದೆ. ನಿಜವಾದ ಕ್ಯಾಮೆರಾ ಹೇಗೆ ಚಲಿಸಿತೆಂದು ಲೆಕ್ಕ ಹಾಕಿ ಅದನ್ನು ಕಂಪ್ಯೂಟರಿನೊಳಗೆ ಮತ್ತೆ ಕಟ್ಟುವವರು ಮ್ಯಾಚ್‌ಮೂವ್ ವಿಭಾಗದವರು. ನಟರ ಅಂಚನ್ನು ಫ್ರೇಮಿನಿಂದ ಫ್ರೇಮಿಗೆ ಗೆರೆ ಹಾಕಿ ಬಿಡಿಸಿಕೊಡುವವರು ರೋಟೋದವರು. ಸಾಹಸದೃಶ್ಯದ ತಂತಿ, ಹಗ್ಗಗಳನ್ನು ಅಳಿಸುವವರು ಪೇಂಟ್ ವಿಭಾಗದವರು. ಇವರ ಜೊತೆಗೆ ಮಾಡೆಲಿಂಗ್, ಟೆಕ್ಸ್ಚರ್, ಪಾತ್ರಗಳ ಮೂಳೆ ಮತ್ತು ಸ್ನಾಯುಗಳ ಏರ್ಪಾಡನ್ನು ರೂಪಿಸುವ ರಿಗ್ಗಿಂಗ್, ಆನಿಮೇಷನ್, ಬೆಂಕಿ, ನೀರು, ಧೂಳುಗಳನ್ನು ನೋಡಿಕೊಳ್ಳುವ ಎಫ್‌ಎಕ್ಸ್, ಲೈಟಿಂಗ್, ಕೊನೆಗೆ ಎಲ್ಲವನ್ನೂ ಒಂದೇ ಚಿತ್ರವಾಗಿ ಕೂಡಿಸುವ ಕಾಂಪೋಸಿಟಿಂಗ್ ವಿಭಾಗಗಳಿವೆ. ಮಾಡೆಲಿಂಗ್‌ಗೂ ಆನಿಮೇಷನ್‌ಗೂ ಕೈಯಲ್ಲಿ ಕಲೆ ಇರಲೇಬೇಕು. ಎರಡು ವರ್ಷದ ಕೋರ್ಸಿನಿಂದ ಅದು ಎಲ್ಲರಿಗೂ ದಕ್ಕುವುದಿಲ್ಲ. ಎಫ್‌ಎಕ್ಸ್, ರಿಗ್ಗಿಂಗ್, ಮ್ಯಾಚ್‌ಮೂವ್‌ಗಳಲ್ಲಿ ಮಾತ್ರ ಗಣಿತ ಮತ್ತು ಭೌತಶಾಸ್ತ್ರ ಬಲ್ಲವರಿಗೆ ಮೊದಲ ದಿನದಿಂದಲೇ ಒಂದು ಅನುಕೂಲವಿರುತ್ತದೆ.

ಒಂದು ಉದಾಹರಣೆ ಕೊಡುತ್ತೇನೆ. 2013ರಲ್ಲಿ ತೆರೆಕಂಡ ಡಿಸ್ನಿಯ ‘ಫ್ರೋಜನ್’ ಚಿತ್ರದಲ್ಲಿ ಹಿಮವೇ ಒಂದು ಪಾತ್ರದಂತಿದೆ. ಹಿಮ ತುಳಿದರೆ ಗಟ್ಟಿಯಾಗುತ್ತದೆ, ಎಸೆದರೆ ಪುಡಿಯಾಗುತ್ತದೆ, ಇಳಿಜಾರಿನಲ್ಲಿ ಹರಿಯುತ್ತದೆ. ಅದನ್ನು ಪೂರ್ತಿ ಘನವೆಂದೂ ಹೇಳಲಾಗದು, ದ್ರವವೆಂದೂ ಹೇಳಲಾಗದು. ಆ ಚಿತ್ರದ ತಂಡ ಮತ್ತು ಅಮೆರಿಕದ ವಿಶ್ವವಿದ್ಯಾಲಯವೊಂದರ ಗಣಿತಜ್ಞರು ಕೂಡಿ ಬಳಸಿದ್ದು ಮೆಟೀರಿಯಲ್ ಪಾಯಿಂಟ್ ಮೆಥಡ್ ಎಂಬ ವಿಧಾನವನ್ನು. 1990ರ ದಶಕದಲ್ಲಿ ಘನವಸ್ತುಗಳ ಮೆಕ್ಯಾನಿಕ್ಸ್‌ಗಾಗಿ ರೂಪುಗೊಂಡಿದ್ದ ವಿಧಾನವದು. ಅವರು ಪ್ರಕಟಿಸಿದ ಪ್ರಬಂಧವನ್ನು ತೆರೆದು ನೋಡಿದರೆ ಯಂಗ್ಸ್ ಮಾಡ್ಯುಲಸ್, ಪಾಯ್ಸನ್ ಅನುಪಾತ 0.2, ಸಾಂದ್ರತೆ ಘನಮೀಟರಿಗೆ 400 ಕಿಲೋಗ್ರಾಂ ಎಂದು ನಿಮ್ಮ ಸ್ಟ್ರೆಂತ್ ಆಫ್ ಮೆಟೀರಿಯಲ್ಸ್ ಪುಸ್ತಕದ ಭಾಷೆಯೇ ಕಾಣುತ್ತದೆ. ಈ ಕೆಲಸ ಸಿನಿಮಾದಲ್ಲಿಯೇ ಉಳಿಯಲಿಲ್ಲ. 1959ರಲ್ಲಿ ರಷ್ಯಾದ ಯೂರಲ್ ಪರ್ವತಗಳಲ್ಲಿ ಒಂಬತ್ತು ಮಂದಿ ಚಾರಣಿಗರು ನಿಗೂಢವಾಗಿ ಸತ್ತಿದ್ದರು. ಆ ಪ್ರಕರಣಕ್ಕೆ ಹಿಮಕುಸಿತ ಕಾರಣವಾಗಿರಬಹುದೇ ಎಂದು ಸ್ವಿಟ್ಜರ್ಲೆಂಡಿನ ಇಬ್ಬರು ಸಂಶೋಧಕರು ಅಧ್ಯಯನ ಮಾಡಿ 2021ರಲ್ಲಿ ಪ್ರಬಂಧ ಪ್ರಕಟಿಸಿದಾಗ, ಅವರ ಲೆಕ್ಕಾಚಾರಕ್ಕೆ ಈ ಚಿತ್ರದ ಹಿಮದ ಮಾದರಿಯೂ ನೆರವಾಗಿತ್ತು.

ಆದ್ದರಿಂದ ನಿಮ್ಮ ಉಳಿದ ಮೂರು ಸೆಮಿಸ್ಟರ್‌ಗಳನ್ನು ಈ ಗುರಿಯಿಂದಲೇ ಓದಿ. ಫ್ಲೂಯಿಡ್ ಮೆಕ್ಯಾನಿಕ್ಸ್, ಫೈನೈಟ್ ಎಲಿಮೆಂಟ್, ನ್ಯೂಮರಿಕಲ್ ಮೆಥಡ್ಸ್ ವಿಷಯಗಳನ್ನು ಪರೀಕ್ಷೆಗೆಂದು ಮಾತ್ರ ಓದಿ ಮರೆಯಬೇಡಿ. ಎಫ್‌ಎಕ್ಸ್ ವಿಭಾಗದ ಮುಖ್ಯ ಸಾಧನ ಹೂಡಿನಿ ಎಂಬ ತಂತ್ರಾಂಶ. ಕಲಿಯುವವರಿಗೆ ಅದರ ಅಪ್ರೆಂಟಿಸ್ ಆವೃತ್ತಿ ಉಚಿತವಾಗಿ ಸಿಗುತ್ತದೆ. ಅದರಲ್ಲಿ ನೀರಿನ ಸಿಮ್ಯುಲೇಷನ್ ಮಾಡುವ ಹೊಸಬರು ಸಾಮಾನ್ಯವಾಗಿ ಮಾಡುವ ತಪ್ಪೆಂದರೆ, ಸಮುದ್ರವೆಂದು ತೋರಿಸಿದ್ದು ಬಚ್ಚಲ ತೊಟ್ಟಿಯ ನೀರಿನಂತೆ ಕಾಣುವುದು. ಕಾರಣ ಅಳತೆಯ ಗೊಂದಲ. ನೀವು ಓದಿರುವ ಫ್ರೌಡ್ ಸಂಖ್ಯೆಯೇ ಇದಕ್ಕೆ ಉತ್ತರ ಹೇಳುತ್ತದೆ. ಗುರುತ್ವದ ಬಲದಿಂದ ನಡೆಯುವ ಚಲನೆಯಲ್ಲಿ ಕಾಲ ಉದ್ದಳತೆಯ ವರ್ಗಮೂಲದಂತೆ ಬದಲಾಗುತ್ತದೆ. ಕಂಪ್ಯೂಟರ್ ಇಲ್ಲದ ಕಾಲದಲ್ಲಿಯೂ, ಹದಿನಾರನೆಯ ಒಂದು ಪಾಲು ಗಾತ್ರದ ಅಣೆಕಟ್ಟಿನ ಮಾದರಿಯನ್ನು ಒಡೆದು ಚಿತ್ರೀಕರಿಸುವವರು ಸೆಕೆಂಡಿಗೆ 24ರ ಬದಲು 96 ಫ್ರೇಮುಗಳ ವೇಗದಲ್ಲಿ ಕ್ಯಾಮೆರಾ ಓಡಿಸುತ್ತಿದ್ದುದು ಈ ಲೆಕ್ಕದಿಂದಲೇ.

ಒಂದು ಎಚ್ಚರಿಕೆಯನ್ನೂ ಹೇಳಬೇಕು. ಎಂಜಿನಿಯರುಗಳು ಮಾಡುವ ಸಿಮ್ಯುಲೇಷನ್‌ಗಳು ಲೆಕ್ಕದಲ್ಲಿ ಸರಿಯಾಗಿದ್ದು ನೋಡಲು ಸಪ್ಪೆಯಾಗಿರುವುದು ಬಹಳ. ನಿರ್ದೇಶಕರಿಗೆ ಬೇಕಾಗಿರುವುದು ನಾಯಕ ತಿರುಗಿ ನೋಡಿದ ಕ್ಷಣಕ್ಕೆ ಸರಿಯಾಗಿ ಬಾಗಿಲು ಒಡೆದು ನುಗ್ಗುವ ನೀರು. ಅದಕ್ಕಾಗಿ ಭೌತನಿಯಮವನ್ನು ಒಂದಿಷ್ಟು ಬಗ್ಗಿಸಬೇಕಾದರೆ ಅವರು ಹಿಂದೆಮುಂದೆ ನೋಡುವುದಿಲ್ಲ. ಕಣ್ಣನ್ನು ಪಳಗಿಸಿಕೊಳ್ಳಲು ಚಿತ್ರಕಲೆಯೇ ಬೇಕೆಂದಿಲ್ಲ. ಮಳೆಗಾಲದಲ್ಲಿ ಹರಿಹರದ ಸೇತುವೆಯ ಬಳಿ ತುಂಗಭದ್ರೆ ಕಂಬಗಳನ್ನು ಸುತ್ತಿ ಹರಿಯುವುದನ್ನು ಸುರಕ್ಷಿತ ಜಾಗದಲ್ಲಿ ನಿಂತು ಮೊಬೈಲಿನಲ್ಲಿ ನಿಧಾನಗತಿಯಲ್ಲಿ ಚಿತ್ರೀಕರಿಸಿಕೊಳ್ಳಿ. ನೊರೆ ಎಲ್ಲಿ ಹುಟ್ಟುತ್ತದೆ, ಎಷ್ಟು ಹೊತ್ತು ಉಳಿಯುತ್ತದೆ, ಕೆಸರುನೀರಿನ ಬಣ್ಣ ಆಳಕ್ಕೆ ತಕ್ಕಂತೆ ಹೇಗೆ ಬದಲಾಗುತ್ತದೆ ಎಂದು ನೋಡಿ, ಅದೇ ಇಪ್ಪತ್ತು ಸೆಕೆಂಡನ್ನು ಕಂಪ್ಯೂಟರಿನಲ್ಲಿ ಕಟ್ಟಲು ಪ್ರಯತ್ನಿಸಿ.

ಪ್ರಶ್ನೆ: ನಮ್ಮ ಮಗಳು ಕಂಪ್ಯೂಟರ್ ಸೈನ್ಸ್ ಕೊನೆಯ ವರ್ಷದಲ್ಲಿದ್ದಾಳೆ. ಕೆಲಸಕ್ಕೆ ಸೇರುವ ಬದಲು ವಿಎಫ್‌ಎಕ್ಸ್ ಕಲಿಯುತ್ತೇನೆ ಎನ್ನುತ್ತಾಳೆ. ಒಂದು ತರಬೇತಿ ಸಂಸ್ಥೆಯವರು ಹಲವು ಲಕ್ಷ ಶುಲ್ಕ ಕೇಳಿ, ನೂರಕ್ಕೆ ನೂರು ಉದ್ಯೋಗದ ಭರವಸೆ ಕೊಡುತ್ತಿದ್ದಾರೆ. ಸಾಲ ಮಾಡಿ ಸೇರಿಸಬಹುದೇ?
– ತಾಯಿ, ಹಾಸನ

ಉತ್ತರ: ತಮ್ಮ ಮಗಳ ಆಸೆಯನ್ನು ತಾವು ತಳ್ಳಿಹಾಕದೆ ಕೇಳುತ್ತಿರುವುದು ಸಂತೋಷ. ಆದರೆ ಆ ಭರವಸೆಯನ್ನು ನಂಬಿ ಸಾಲ ಮಾಡಬೇಡಿ ಎಂದೇ ನನ್ನ ಸಲಹೆ.

ಉದ್ಯೋಗದ ಭರವಸೆ ಎಲ್ಲ ಸಂದರ್ಭದಲ್ಲಿಯೂ ಸುಳ್ಳಾಗಿರುವುದಿಲ್ಲ. ಆದರೆ ಯಾವ ಉದ್ಯೋಗ ಎಂಬುದನ್ನು ಬಾಯಿ ಬಿಟ್ಟು ಹೇಳುವವರು ಕಡಿಮೆ. ಇಂಥ ಕೋರ್ಸುಗಳಿಂದ ಹೊರಬಂದವರಲ್ಲಿ ಬಹಳ ಮಂದಿಗೆ ಮೊದಲು ಸಿಗುವುದು ರೋಟೋ ಅಥವಾ ಪೇಂಟ್ ವಿಭಾಗದ ಕೆಲಸ. ಅದು ಗೌರವದ ಕೆಲಸವೇ. ಆ ಹಾದಿಯಲ್ಲಿ ಬಂದು ಕಾಂಪೋಸಿಟಿಂಗ್ ಮೇಲ್ವಿಚಾರಕರಾದವರೂ ಇದ್ದಾರೆ. ಆದರೆ ಅಲ್ಲಿನ ಆರಂಭದ ಸಂಬಳ ಕಂಪ್ಯೂಟರ್ ಸೈನ್ಸ್ ಪದವೀಧರರಿಗೆ ಐಟಿ ಕಂಪನಿಗಳಲ್ಲಿ ಸಿಗುವುದಕ್ಕಿಂತ ಕಡಿಮೆ, ಸಾಲದ ಕಂತು ಮಾತ್ರ ಕಡಿಮೆಯಾಗುವುದಿಲ್ಲ. ಸಂಸ್ಥೆಯವರನ್ನು ಕೇಳಲೇಬೇಕಾದ ಸಂಗತಿಯೆಂದರೆ, ಕಳೆದ ತಂಡದ ವಿದ್ಯಾರ್ಥಿಗಳು ಈಗ ಯಾವ ಸ್ಟುಡಿಯೋದ ಯಾವ ವಿಭಾಗದಲ್ಲಿದ್ದಾರೆ ಎಂಬುದು. ಅವರಲ್ಲಿ ಇಬ್ಬರ ಜೊತೆಗಾದರೂ ಮಗಳೇ ನೇರವಾಗಿ ಮಾತನಾಡಲಿ. ಗೋಡೆಯ ಮೇಲೆ ಅಂಟಿಸಿದ ಹಾಲಿವುಡ್ ಚಿತ್ರಗಳ ಪೋಸ್ಟರುಗಳಿಗೂ ಆ ಸಂಸ್ಥೆಗೂ ಎಷ್ಟೋ ವೇಳೆ ಯಾವ ನಂಟೂ ಇರುವುದಿಲ್ಲ. ಕೆಲಸ ಕೊಡುವಾಗ ಬಾಂಡ್ ಬರೆಸಿಕೊಳ್ಳುತ್ತಾರೆಯೇ, ಮಧ್ಯದಲ್ಲಿ ಬಿಟ್ಟರೆ ಶುಲ್ಕ ಹಿಂದಿರುಗಿಸುತ್ತಾರೆಯೇ ಎಂಬುದನ್ನು ಬರಹದಲ್ಲಿ ಪಡೆಯಿರಿ.

ಮಗಳಿಗೆ ಕಂಪ್ಯೂಟರ್ ಸೈನ್ಸ್ ಗೊತ್ತಿರುವುದರಿಂದ ಅವಳ ದಾರಿ ಬೇರೆ. ಅದನ್ನು ಮುಂದಿನ ಉತ್ತರದಲ್ಲಿ ವಿವರಿಸಿದ್ದೇನೆ. ಕಲಾಭಾಗದಲ್ಲಿಯೇ ಆಳವಾಗಿ ಓದುವ ಹಂಬಲ ಅವಳಿಗಿದ್ದರೆ, ಐಐಟಿ ಬಾಂಬೆ ನಡೆಸುವ ಸೀಡ್ ಪ್ರವೇಶ ಪರೀಕ್ಷೆ ಬರೆಯಬಹುದು. ಎಂಜಿನಿಯರಿಂಗ್ ಪದವಿಯ ಕೊನೆಯ ವರ್ಷದಲ್ಲಿರುವವರೂ ಅದಕ್ಕೆ ಕೂರಬಹುದು. ಅದರ ಮೂಲಕ ಐಐಟಿ ಬಾಂಬೆಯ ವಿನ್ಯಾಸ ಶಾಲೆಯಲ್ಲಿ ಆನಿಮೇಷನ್ ವಿಷಯದಲ್ಲಿಯೇ ಎಂ.ಡೆಸ್. (ವಿನ್ಯಾಸದ ಸ್ನಾತಕೋತ್ತರ ಪದವಿ) ಮಾಡಲು ಅವಕಾಶವಿದೆ. ಪರೀಕ್ಷೆಯಲ್ಲಿ ರೇಖಾಚಿತ್ರ ಬಿಡಿಸುವ ಪ್ರಶ್ನೆಯೂ ಇರುತ್ತದೆ ಎಂಬುದು ನೆನಪಿರಲಿ. ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಎನ್‌ಐಡಿಯ ಪ್ರವೇಶ ಪರೀಕ್ಷೆ ಬೇರೆ. ಕರ್ನಾಟಕ ಸರ್ಕಾರವೂ ಎವಿಜಿಸಿ (ಆನಿಮೇಷನ್, ವಿಷುವಲ್ ಎಫೆಕ್ಟ್ಸ್, ಗೇಮಿಂಗ್, ಕಾಮಿಕ್ಸ್) ಎಂದು ಕರೆಯುವ ಈ ಕ್ಷೇತ್ರಕ್ಕೆ 2012ರಲ್ಲಿಯೇ ಪ್ರತ್ಯೇಕ ನೀತಿ ತಂದಿತ್ತು. ಈಗ ಜಾರಿಯಲ್ಲಿರುವುದು 2024ರಿಂದ 2029ರವರೆಗಿನ ನೀತಿ. ಅದರಡಿ ನಡೆಯುವ ತರಬೇತಿ, ಇಂಟರ್ನ್‌ಶಿಪ್‌ಗಳ ವಿಚಾರವನ್ನು ಬೆಂಗಳೂರಿನ ಎವಿಜಿಸಿ ಸೆಂಟರ್ ಆಫ್ ಎಕ್ಸಲೆನ್ಸ್‌ನಲ್ಲಿ ಕೇಳಿ ತಿಳಿಯುವುದು ಲಕ್ಷಗಟ್ಟಲೆ ಶುಲ್ಕ ಕಟ್ಟುವ ಮುಂಚಿನ ಕೆಲಸ.

ಪ್ರಶ್ನೆ: ಕಂಪ್ಯೂಟರ್ ಸೈನ್ಸ್ ಓದುತ್ತಿದ್ದೇನೆ, ಪೈಥಾನ್ ಚೆನ್ನಾಗಿ ಬರುತ್ತದೆ. ಸ್ಟುಡಿಯೋಗಳ ಜಾಹೀರಾತಿನಲ್ಲಿ ‘ಪೈಪ್‌ಲೈನ್ ಟಿಡಿ’ ಎಂಬ ಹುದ್ದೆಯನ್ನು ನೋಡಿದೆ. ಏನದು? ನನ್ನಂಥವರಿಗೆ ಸಿಗಬಹುದೇ?
– ವಿದ್ಯಾರ್ಥಿನಿ, ಹುಬ್ಬಳ್ಳಿ

ಉತ್ತರ: ಟಿಡಿ ಎಂದರೆ ಟೆಕ್ನಿಕಲ್ ಡೈರೆಕ್ಟರ್. ಹೆಸರಿನಲ್ಲಿ ಡೈರೆಕ್ಟರ್ ಎಂದಿದ್ದರೂ ಅದು ಅಧಿಕಾರದ ಹುದ್ದೆಯಲ್ಲ. ಕಲಾವಿದರ ಕೆಲಸ ನಿಲ್ಲದಂತೆ ನೋಡಿಕೊಳ್ಳುವ ಎಂಜಿನಿಯರ್‌ಗೆ ಈ ಉದ್ಯಮ ಕೊಟ್ಟಿರುವ ಹೆಸರು. ಎಂಜಿನಿಯರಿಂಗ್ ಓದಿದವರಿಗೆ ವಿಎಫ್‌ಎಕ್ಸ್‌ನಲ್ಲಿರುವ ಅತ್ಯಂತ ನೇರವಾದ ಬಾಗಿಲು ಇದೇ ಎಂದು ನಾನು ಭಾವಿಸುತ್ತೇನೆ. ಕಾಲೇಜುಗಳಲ್ಲಿ ಇದರ ಹೆಸರನ್ನೇ ಯಾರೂ ಹೇಳುವುದಿಲ್ಲವಾದ್ದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಮೊದಲು ಪ್ರಮಾಣವನ್ನು ಊಹಿಸಿಕೊಳ್ಳಿ. 4096×2160 ಅಳತೆಯ ಒಂದು ಫ್ರೇಮಿನಲ್ಲಿ ಸುಮಾರು 88 ಲಕ್ಷ ಪಿಕ್ಸೆಲ್‌ಗಳಿವೆ. ಪ್ರತಿ ಪಿಕ್ಸೆಲ್‌ಗೆ ಕೆಂಪು, ಹಸಿರು, ನೀಲಿ ಎಂಬ ಮೂರು ಬೆಲೆಗಳು, ಪ್ರತಿ ಬೆಲೆಗೆ 16 ಬಿಟ್. ಕುಗ್ಗಿಸದೆ ಇಟ್ಟರೆ ಒಂದು ಫ್ರೇಮಿಗೆ ಸುಮಾರು 53 ಮೆಗಾಬೈಟ್ ಆಗುತ್ತದೆ. ಸಿನಿಮಾದ ಒಂದು ಸೆಕೆಂಡಿಗೆ 24 ಫ್ರೇಮು. ನೆರಳಿಗೊಂದು, ಪ್ರತಿಫಲನಕ್ಕೊಂದು, ಹೊಗೆಗೊಂದು ಎಂದು ಪದರಗಳು ಬೇರೆ ಬೇರೆಯಾಗಿ ಬರುತ್ತವೆ; ಪ್ರತಿ ಪದರಕ್ಕೂ ಮೇಲ್ವಿಚಾರಕರು ಒಪ್ಪುವವರೆಗೆ ಹತ್ತಾರು ಆವೃತ್ತಿಗಳು. ಒಂದು ಫ್ರೇಮ್ ರೆಂಡರ್ ಆಗಲು, ಅಂದರೆ ಕಂಪ್ಯೂಟರ್ ಅದನ್ನು ಲೆಕ್ಕ ಹಾಕಿ ಅಂತಿಮ ಚಿತ್ರವಾಗಿಸಲು, ನಾಲ್ಕು ಗಂಟೆ ಹಿಡಿಯುವುದೆಂದುಕೊಂಡರೆ, ಐದು ಸೆಕೆಂಡಿನ ಶಾಟಿಗೆ 480 ಗಂಟೆ, ಅಂದರೆ ಒಂದು ಯಂತ್ರಕ್ಕೆ ಇಪ್ಪತ್ತು ದಿನಗಳ ಕೆಲಸ. 120 ಯಂತ್ರಗಳಿಗೆ ಹಂಚಿದರೆ ನಾಲ್ಕೇ ಗಂಟೆ. ಹಂಚುವುದು ಯಾರು, ಯಾವ ಶಾಟಿಗೆ ಆದ್ಯತೆ, ರಾತ್ರಿ ಎರಡಕ್ಕೆ ಕೆಟ್ಟ 37ನೆಯ ಫ್ರೇಮನ್ನು ಮತ್ತೆ ಓಡಿಸುವುದು ಹೇಗೆ, ಆನಿಮೇಷನ್ ವಿಭಾಗ ನಿನ್ನೆ ಬದಲಿಸಿದ ಪಾತ್ರ ಇಂದು ಲೈಟಿಂಗ್ ವಿಭಾಗಕ್ಕೆ ತಾನಾಗಿಯೇ ತಲುಪುವುದು ಹೇಗೆ, ಒಬ್ಬರು ಅಳಿಸಿದ ಕಡತದಿಂದ ಇನ್ನೊಬ್ಬರ ವಾರದ ಶ್ರಮ ಮಣ್ಣುಪಾಲಾಗದಂತೆ ತಡೆಯುವುದು ಹೇಗೆ ಎಂಬುದೆಲ್ಲ ಪೈಪ್‌ಲೈನ್‌ನ, ಅಂದರೆ ಕೆಲಸವನ್ನು ವಿಭಾಗದಿಂದ ವಿಭಾಗಕ್ಕೆ ಸಾಗಿಸುವ ವ್ಯವಸ್ಥೆಯ, ಹೊಣೆ.

ಇದಕ್ಕೆ ಬೇಕಾದುದರಲ್ಲಿ ಪೈಥಾನ್ ಮೊದಲನೆಯದು, ಏಕೆಂದರೆ ಆನಿಮೇಷನ್‌ನ ಮಾಯಾ, ಎಫ್‌ಎಕ್ಸ್‌ನ ಹೂಡಿನಿ, ಕಾಂಪೋಸಿಟಿಂಗ್‌ನ ನ್ಯೂಕ್ ಈ ಮೂರೂ ತಂತ್ರಾಂಶಗಳನ್ನು ಅದರಿಂದಲೇ ನಡೆಸಬಹುದು. ಸ್ಟುಡಿಯೋಗಳಲ್ಲಿ ಲಿನಕ್ಸ್ ಬಳಕೆ ಹೆಚ್ಚು, ಆದ್ದರಿಂದ ಅದರ ಕಮಾಂಡ್‌ಲೈನ್ ಸಲೀಸಾಗಿರಬೇಕು. ಕಲಾವಿದರಿಗೆ ಗುಂಡಿಗಳಿರುವ ಸಣ್ಣ ಕಿಟಕಿಗಳನ್ನು ಮಾಡಿಕೊಡಲು ಪೈಸೈಡ್, ಕಡತಗಳ ಲೆಕ್ಕವಿಡಲು ಡೇಟಾಬೇಸ್, ಆವೃತ್ತಿ ಕಾಯಲು ಗಿಟ್ ಕಲಿತಿರಿ. ಇದರ ಮೇಲೆ ಸಿ++ ಗೊತ್ತಿದ್ದರೆ ಸಂಶೋಧನಾ ವಿಭಾಗದ ಕದವೂ ತೆರೆಯುತ್ತದೆ.

ಈ ಉದ್ಯಮದ ಒಂದು ಗುಣ ವಿದ್ಯಾರ್ಥಿಗಳಿಗೆ ಬಹಳ ಅನುಕೂಲಕರವಾಗಿದೆ. ಪೈಪೋಟಿಯ ಕಂಪನಿಗಳು ತಮ್ಮ ಒಳಗಿನ ಸಾಧನಗಳನ್ನು ಓಪನ್ ಸೋರ್ಸ್ ಆಗಿ ಬಿಟ್ಟುಕೊಟ್ಟಿವೆ. ಫ್ರೇಮುಗಳನ್ನು ಕಡತವಾಗಿ ಉಳಿಸುವ, ಇಂಡಸ್ಟ್ರಿಯಲ್ ಲೈಟ್ ಅಂಡ್ ಮ್ಯಾಜಿಕ್ ಸಂಸ್ಥೆಯ ಓಪನ್‌ಇಎಕ್ಸ್‌ಆರ್ 2003ರಲ್ಲಿ, ಹೊಗೆ, ಮೋಡಗಳ ದತ್ತಾಂಶವನ್ನು ಇಡುವ ಡ್ರೀಮ್‌ವರ್ಕ್ಸ್‌ನ ಓಪನ್‌ವಿಡಿಬಿ 2012ರಲ್ಲಿ, ಇಡೀ ದೃಶ್ಯದ ವಿವರವನ್ನು ದಾಖಲಿಸುವ ಪಿಕ್ಸಾರ್‌ನ ಯುಎಸ್‌ಡಿ 2016ರಲ್ಲಿ ಎಲ್ಲರಿಗೂ ಮುಕ್ತವಾದವು. ಇಂಥ ಯೋಜನೆಗಳನ್ನು ಒಂದೆಡೆ ಪೋಷಿಸಲೆಂದೇ 2018ರಲ್ಲಿ ಅಕಾಡೆಮಿ ಸಾಫ್ಟ್‌ವೇರ್ ಫೌಂಡೇಷನ್ ಹುಟ್ಟಿತು. ಆಸ್ಕರ್ ಕೊಡುವ ಅಕಾಡೆಮಿಯೂ ಅದರ ಸ್ಥಾಪಕರಲ್ಲೊಂದು. ದೊಡ್ಡ ಚಿತ್ರಗಳಲ್ಲಿ ಬಳಕೆಯಾಗುವ ತಂತ್ರಾಂಶದ ಕೋಡನ್ನು ಹುಬ್ಬಳ್ಳಿಯಲ್ಲಿ ಕುಳಿತು ಓದಬಹುದು, ದೋಷ ಕಂಡರೆ ತಿದ್ದಿ ಕಳಿಸಬಹುದು. ಅಂಥ ಒಂದು ತಿದ್ದುಪಡಿ ಅಂಗೀಕಾರವಾದರೆ ನಿಮ್ಮ ಅರ್ಜಿಯಲ್ಲಿ ಅದಕ್ಕೆ ಯಾವ ಪ್ರಮಾಣಪತ್ರಕ್ಕಿಂತಲೂ ಹೆಚ್ಚಿನ ತೂಕವಿದೆ.

ವಿಟಿಯು ಪಠ್ಯಕ್ರಮದಲ್ಲಿ ಬಹುಕಾಲದಿಂದ ಇರುವ ಕಂಪ್ಯೂಟರ್ ಗ್ರಾಫಿಕ್ಸ್ ಪ್ರಯೋಗಾಲಯವನ್ನು ಹೆಚ್ಚಿನವರು ಹಿಂದಿನ ತಂಡದವರ ಓಪನ್‌ಜಿಎಲ್ ಪ್ರಾಜೆಕ್ಟನ್ನು ನಕಲು ಮಾಡಿ ಮುಗಿಸುತ್ತಾರೆ. ನೀವು ಹಾಗೆ ಮಾಡದೆ, ಬೆಳಕಿನ ಕಿರಣಗಳ ಹಾದಿಯನ್ನು ಲೆಕ್ಕ ಹಾಕಿ ಚಿತ್ರ ಕಟ್ಟುವ ಒಂದು ಸಣ್ಣ ರೇ ಟ್ರೇಸರನ್ನು ಸ್ವಂತವಾಗಿ ಬರೆಯಿರಿ. 1986ರಲ್ಲಿ ಜೇಮ್ಸ್ ಕಾಜಿಯಾ ಮಂಡಿಸಿದ ರೆಂಡರಿಂಗ್ ಸಮೀಕರಣವೇ ಇಂದಿಗೂ ಎಲ್ಲ ಗಂಭೀರ ರೆಂಡರರ್‌ಗಳ ತಳಹದಿ. ಇಲ್ಲವೇ, ಫ್ರೇಮುಗಳ ಒಂದು ಫೋಲ್ಡರನ್ನು ಓದಿ, ನಡುವೆ ಕಾಣೆಯಾದವನ್ನೂ ಅರೆಬರೆಯಾಗಿ ಬರೆಯಲ್ಪಟ್ಟವನ್ನೂ ಪತ್ತೆಮಾಡಿ, ಉಳಿದುದನ್ನು ವೀಡಿಯೊ ಮಾಡಿ, ವರದಿ ಕೊಡುವ ಸಾಧನವೊಂದನ್ನು ಮಾಡಿ. ಕೇಳಲು ಇದು ಚಿಲ್ಲರೆ ಕೆಲಸದಂತೆ ತೋರುತ್ತದೆ, ಆದರೆ ಸಂದರ್ಶನ ಮಾಡುವವರು ಬೆಳಗಾದರೆ ಎದುರಿಸುವ ತೊಂದರೆಯೇ ಅದು.

ಈ ಬಗೆಯ ಕೆಲಸಕ್ಕೆ ಮನ್ನಣೆಯೂ ಇದೆ. ಅಕಾಡೆಮಿಯ ವೈಜ್ಞಾನಿಕ ಮತ್ತು ತಾಂತ್ರಿಕ ಪ್ರಶಸ್ತಿಯನ್ನು 2016ರಲ್ಲಿ ತಮಿಳುನಾಡು ಮೂಲದ ಕೊಟ್ಟಲಾಂಗೊ ಲಿಯಾನ್ ಹಂಚಿಕೊಂಡದ್ದು, ಕಲಾವಿದರು ತಮ್ಮ ಶಾಟುಗಳನ್ನು ನೋಡಿ ಚರ್ಚಿಸುವ ಐಟಿವ್ಯೂ ಎಂಬ ತಂತ್ರಾಂಶಕ್ಕಾಗಿ. ಮರುವರ್ಷ ಪರಾಗ್ ಹವಾಲ್ದಾರ್ ಅವರಿಗೆ ಆ ಗೌರವ ಸಂದದ್ದು ನಟರ ಮುಖಭಾವವನ್ನು ಸೆರೆಹಿಡಿಯುವ ತಂತ್ರಕ್ಕಾಗಿ. ಇಬ್ಬರ ಸಾಧನೆಯೂ ಸೋನಿ ಪಿಕ್ಚರ್ಸ್ ಇಮೇಜ್‌ವರ್ಕ್ಸ್ ಸಂಸ್ಥೆಯಲ್ಲಿ ನಡೆದದ್ದು.

ಪ್ರಶ್ನೆ: ಎಲೆಕ್ಟ್ರಾನಿಕ್ಸ್ ಮತ್ತು ಸಿವಿಲ್ ವಿಭಾಗದವರಿಗೆ ಇಲ್ಲಿ ಜಾಗವಿಲ್ಲವೇ?
– ಇಬ್ಬರು ಗೆಳೆಯರು, ಬೆಳಗಾವಿ

ಉತ್ತರ: ಇದೆ, ಆದರೆ ಕಿರಿದು. ಎಲೆಕ್ಟ್ರಾನಿಕ್ಸ್‌ನವರ ಜಾಗ ಹೆಚ್ಚಾಗಿ ಸೆಟ್ಟಿನಲ್ಲಿದೆ. ದೊಡ್ಡ ಎಲ್‌ಇಡಿ ಗೋಡೆಯ ಮೇಲೆ ಹಿನ್ನೆಲೆಯನ್ನು ತೋರಿಸಿ, ಕ್ಯಾಮೆರಾ ಸರಿದಂತೆ ಆ ಹಿನ್ನೆಲೆಯೂ ಸರಿಯುವಂತೆ ಮಾಡುವ ವರ್ಚುವಲ್ ಪ್ರೊಡಕ್ಷನ್ ವಿಧಾನದಲ್ಲಿ ಗೋಡೆ, ಕ್ಯಾಮೆರಾ, ಟ್ರ್ಯಾಕಿಂಗ್ ಸಂವೇದಕಗಳು ಒಂದೇ ಗಡಿಯಾರಕ್ಕೆ ನಡೆಯಬೇಕು. ಜೆನ್‌ಲಾಕ್ ಎನ್ನುವ ಈ ಹೊಂದಾಣಿಕೆ ತಪ್ಪಿದರೆ ಚಿತ್ರದಲ್ಲಿ ಪಟ್ಟೆಗಳು ಮೂಡುತ್ತವೆ, ವಿಳಂಬ ಹೆಚ್ಚಾದರೆ ಹಿನ್ನೆಲೆ ತೇಲಿದಂತೆ ಕಾಣುತ್ತದೆ. ಸಿಗ್ನಲ್ ಮತ್ತು ಟೈಮಿಂಗ್ ಅರಿತವರು ಅಲ್ಲಿಗೆ ಬೇಕು. ಜೊತೆಗೆ ಆ ಹಿನ್ನೆಲೆಯನ್ನು ನಡೆಸುವ ಅನ್‌ರಿಯಲ್ ಎಂಜಿನ್ ಎಂಬ ತಂತ್ರಾಂಶ ಕಲಿತಿರಿ. ಸಿವಿಲ್‌ನವರು ಸರ್ವೇಯಿಂಗ್‌ನಲ್ಲಿ ಕಲಿತದ್ದೇ ಮ್ಯಾಚ್‌ಮೂವ್ ಮತ್ತು ಲೇಸರ್‌ನಿಂದ ಸೆಟ್ಟಿನ ಅಳತೆ ತೆಗೆಯುವ ಲೈಡಾರ್ ಸ್ಕ್ಯಾನಿಂಗ್‌ಗೆ ಆಧಾರ. ಫೋಟೋಗಳಿಂದ ಮೂರು ಆಯಾಮದ ಅಳತೆ ತೆಗೆಯುವ ಫೋಟೋಗ್ರಾಮೆಟ್ರಿಯನ್ನು ನಿಮ್ಮ ಊರಿನ ಕೋಟೆಯ ಒಂದು ಬುರುಜಿನ ಮೇಲೆ ಪ್ರಯೋಗಿಸಿ ನೋಡಿ.

ಪ್ರಶ್ನೆ: ಬೆಂಗಳೂರಿನ ಐಟಿ ಕಂಪನಿಯಲ್ಲಿ ನಾಲ್ಕು ವರ್ಷಗಳಿಂದ ಇದ್ದೇನೆ. ವಿಎಫ್‌ಎಕ್ಸ್‌ಗೆ ಹೋಗುವ ಮನಸ್ಸಿದೆ. ಆದರೆ ಸ್ಟುಡಿಯೋಗಳು ಮುಚ್ಚಿದ ಸುದ್ದಿ ಓದಿ ಹಿಂಜರಿಯುತ್ತಿದ್ದೇನೆ. ಈ ಉದ್ಯಮವನ್ನು ನಂಬಬಹುದೇ?
– ಓದುಗ, ಬೆಂಗಳೂರು

ಉತ್ತರ: ನಿಮ್ಮ ಹಿಂಜರಿಕೆ ಸಹಜವಾದದ್ದು. 2025ರ ಫೆಬ್ರವರಿಯಲ್ಲಿ ಫ್ರಾನ್ಸ್ ಮೂಲದ ಟೆಕ್ನಿಕಲರ್ ಸಮೂಹ ಕುಸಿದಾಗ, ಬೆಂಗಳೂರು ಮತ್ತು ಮುಂಬೈ ಘಟಕಗಳಲ್ಲಿ ದುಡಿಯುತ್ತಿದ್ದ ಸಾವಿರಾರು ಮಂದಿ ಹಠಾತ್ತನೆ ಕೆಲಸ ಕಳೆದುಕೊಂಡರು. ಅದಕ್ಕೆ ಹನ್ನೆರಡು ವರ್ಷ ಹಿಂದೆ, 2013ರ ಫೆಬ್ರವರಿಯಲ್ಲಿ, ‘ಲೈಫ್ ಆಫ್ ಪೈ’ ಚಿತ್ರದ ಹುಲಿಯನ್ನು ಸೃಷ್ಟಿಸಿದ ರಿದಮ್ ಅಂಡ್ ಹ್ಯೂಸ್ ಸಂಸ್ಥೆ ದಿವಾಳಿ ಅರ್ಜಿ ಹಾಕಿತು. ಅದೇ ತಿಂಗಳು ಆ ಹುಲಿಗೇ ಆಸ್ಕರ್ ಬಂತು. ಪ್ರಶಸ್ತಿಗೂ ಸಂಬಳಕ್ಕೂ ಇಲ್ಲಿ ಅಷ್ಟೇ ಸಂಬಂಧ.

ಇದರ ಮೂಲ ಕಾರಣ ವ್ಯಾಪಾರದ ರೀತಿಯಲ್ಲಿದೆ. ಸ್ಟುಡಿಯೋಗಳು ಶಾಟಿಗೆ ಇಷ್ಟು ಎಂದು ಮೊದಲೇ ಬೆಲೆ ಒಪ್ಪಿ ಕೆಲಸ ಹಿಡಿಯುತ್ತವೆ. ನಿರ್ದೇಶಕರು ಕೊನೆಯ ತಿಂಗಳಲ್ಲಿ ಮನಸ್ಸು ಬದಲಿಸಿದರೆ ಆ ಹೊರೆ ಎಷ್ಟೋ ವೇಳೆ ಸ್ಟುಡಿಯೋದ ಮೇಲೆಯೇ ಬೀಳುತ್ತದೆ, ಅಲ್ಲಿಂದ ರಾತ್ರಿಯ ಪಾಳಿಯಾಗಿ ನೌಕರರ ಮೇಲೆ ಬೀಳುತ್ತದೆ. ಭಾರತಕ್ಕೆ ಬರುವ ಕೆಲಸದ ದೊಡ್ಡ ಪಾಲು ಹಾಲಿವುಡ್‌ನಿಂದ ಬರುವುದರಿಂದ, 2023ರಲ್ಲಿ ಅಲ್ಲಿನ ಬರಹಗಾರರೂ ನಟರೂ ತಿಂಗಳುಗಟ್ಟಲೆ ಮುಷ್ಕರ ಹೂಡಿದಾಗ ಇಲ್ಲಿನ ಸ್ಟುಡಿಯೋಗಳಲ್ಲಿಯೂ ಕೆಲಸ ಬತ್ತಿತು. ಆ ಮುಷ್ಕರದ ಬೇಡಿಕೆಗಳು ನ್ಯಾಯವಾಗಿದ್ದುವೆಂಬುದು ಬೇರೆ ಮಾತು.

ಆದರೂ ನೀವು ಹೋಗಲೇಬಾರದು ಎಂದು ನಾನು ಹೇಳುವುದಿಲ್ಲ. ರೋಟೋ ಮಾತ್ರ ಬಲ್ಲವರಿಗೂ ನಿಮಗೂ ಇರುವ ವ್ಯತ್ಯಾಸ, ಸ್ಟುಡಿಯೋ ಮುಚ್ಚಿದ ಮರುದಿನ ತಿಳಿಯುತ್ತದೆ. ಪೈಪ್‌ಲೈನ್, ರೆಂಡರಿಂಗ್, ರಿಯಲ್‌ಟೈಮ್ ಗ್ರಾಫಿಕ್ಸ್ ಬಲ್ಲ ಎಂಜಿನಿಯರ್ ಗೇಮ್ ಕಂಪನಿಗಳಿಗೆ, ಎನ್ವಿಡಿಯಾ, ಇಂಟೆಲ್, ಎಎಂಡಿಯಂಥ ಚಿಪ್ ಕಂಪನಿಗಳ ಬೆಂಗಳೂರಿನ ಗ್ರಾಫಿಕ್ಸ್ ತಂಡಗಳಿಗೆ, ಕಾರುಗಳ ಪರದೆ ಮತ್ತು ಸಿಮ್ಯುಲೇಟರ್ ಮಾಡುವವರಲ್ಲಿಗೆ, ವೈದ್ಯಕೀಯ ಚಿತ್ರಣದ ಕಂಪನಿಗಳಿಗೆ ದಾಟಬಹುದು. ಆ ದಾರಿಯನ್ನು ಕಾಪಾಡಿಕೊಳ್ಳುವುದಕ್ಕೆ ನೀವು ಮಾಡಬೇಕಾದುದಿಷ್ಟೇ: ಒಂದೇ ಸ್ಟುಡಿಯೋದ ಒಳಗಿನ ಸಾಧನಗಳಿಗೆ ಅಂಟಿಕೊಳ್ಳದೆ, ಹೊರಗೂ ಬೆಲೆಯುಳ್ಳ ಸಿ++, ಲಿನಿಯರ್ ಆಲ್ಜಿಬ್ರಾ, ಜಿಪಿಯು ಪ್ರೋಗ್ರಾಮಿಂಗ್ ಕೈಬಿಡದಿರುವುದು. ಮನೆಸಾಲದ ಕಂತು ನಡೆಯುತ್ತಿದ್ದರೆ ಆರು ತಿಂಗಳ ಖರ್ಚು ಕೈಯಲ್ಲಿಟ್ಟುಕೊಂಡೇ ಹೆಜ್ಜೆ ಇಡಿ. ನೇಮಕಪತ್ರದಲ್ಲಿ ಹುದ್ದೆ ಕಾಯಂ ಎಂದಿದೆಯೇ, ಒಂದು ಚಿತ್ರದ ಅವಧಿಗೆ ಮಾತ್ರ ಎಂದಿದೆಯೇ ಎಂಬುದನ್ನು ಓದದೆ ಸಹಿ ಹಾಕಬೇಡಿ.

ಪ್ರಶ್ನೆ: ಕೃತಕ ಬುದ್ಧಿಮತ್ತೆ ಬಂದ ಮೇಲೆ ಈ ಕೆಲಸಗಳೇ ಇರುವುದಿಲ್ಲವಂತೆ, ನಿಜವೇ?
– ವಿದ್ಯಾರ್ಥಿ, ಶಿವಮೊಗ್ಗ

ಉತ್ತರ: ಕೆಲವು ಕೆಲಸಗಳ ಮಟ್ಟಿಗೆ ಮಾತಿನಲ್ಲಿ ಹುರುಳಿದೆ. 2021ರಲ್ಲಿ ನ್ಯೂಕ್ ತಂತ್ರಾಂಶದ 13ನೆಯ ಆವೃತ್ತಿಯೊಂದಿಗೆ ಬಂದ ಕಾಪಿಕ್ಯಾಟ್ ಎಂಬ ಸಾಧನಕ್ಕೆ ಕೆಲವೇ ಫ್ರೇಮುಗಳನ್ನು ಕೈಯಿಂದ ಮಾಡಿ ತೋರಿಸಿದರೆ, ಉಳಿದವನ್ನು ಅದೇ ಕಲಿತು ಮಾಡಲು ಯತ್ನಿಸುತ್ತದೆ. ರೋಟೋ, ಪೇಂಟ್‌ನಂಥ ಮರುಕಳಿಸುವ ಕೆಲಸಗಳಲ್ಲಿ ಮನುಷ್ಯರ ಪಾಲು ಇಳಿಯುತ್ತ ಹೋಗುವುದು ಖಚಿತವೆಂದೇ ನನ್ನ ಎಣಿಕೆ. ಕೂದಲು, ಹೊಗೆ, ಮಸುಕಾದ ಚಲನೆಗಳಲ್ಲಿ ಯಂತ್ರ ಇನ್ನೂ ಎಡವುತ್ತದೆ; ಅದನ್ನು ತಿದ್ದುವವರು ಬೇಕು, ಆದರೆ ಮೊದಲಿನಷ್ಟು ಸಂಖ್ಯೆಯಲ್ಲಿ ಅಲ್ಲ.

ನಿಮ್ಮಂಥ ವಿದ್ಯಾರ್ಥಿಗಳಿಗೆ ಇದು ಬೇರೆ ಬಗೆಯ ಕೆಲಸವನ್ನೂ ತಂದಿದೆ. ಇಂಥ ಮಾದರಿಗಳಿಗೆ ತರಬೇತಿ ಕೊಟ್ಟು, 16 ಬಿಟ್ ಬಣ್ಣದಲ್ಲಿ, ಪದರಗಳನ್ನು ಬಿಡಿಬಿಡಿಯಾಗಿ ಉಳಿಸಿಕೊಂಡು, ನಿರ್ದೇಶಕರು ಎಡಗೈಯ ನೆರಳೊಂದನ್ನೇ ಬದಲಿಸಿ ಎಂದರೆ ಅದೊಂದನ್ನೇ ಬದಲಿಸುವಂತೆ ಅವನ್ನು ಪೈಪ್‌ಲೈನಿಗೆ ಹೊಂದಿಸುವುದು ಎಂಜಿನಿಯರಿಂಗ್ ಕೆಲಸವೇ. ವಾಕ್ಯ ಕೊಟ್ಟರೆ ವೀಡಿಯೊ ಕೊಡುವ ಯಂತ್ರಗಳಿಗೆ ಈ ಬಗೆಯ ಹಿಡಿತ ಸಾಧಿಸುವುದು ಕಷ್ಟ. ಇನ್ನೊಂದು ವಿಷಯವನ್ನೂ ಯೋಚಿಸಿ. ವಿಷ್ಣುವರ್ಧನ್ ಅವರು 2009ರಲ್ಲಿ ತೀರಿಕೊಂಡಿದ್ದರೂ, 2016ರ ‘ನಾಗರಹಾವು’ ಚಿತ್ರದಲ್ಲಿ ಅವರ ರೂಪವನ್ನು ಕಂಪ್ಯೂಟರಿನಿಂದ ಮತ್ತೆ ಸೃಷ್ಟಿಸಲಾಯಿತು. ಆಗ ಅದಕ್ಕೆ ದೊಡ್ಡ ತಂಡವೇ ಬೇಕಾಗಿತ್ತು. ಈಗ ಮುಖ ಬದಲಿಸುವುದು ಸುಲಭವಾಗಿರುವಾಗ, ಯಾರ ಒಪ್ಪಿಗೆಯಿಂದ ಎಂಬ ಪ್ರಶ್ನೆಯನ್ನು ಕೀಲಿಮಣೆಯ ಮುಂದೆ ಕುಳಿತವರೂ ಕೇಳಬೇಕಾಗುತ್ತದೆ.

ಪ್ರಶ್ನೆ: ಕನ್ನಡ ಚಿತ್ರಗಳಿಗೇ ಈ ಕೆಲಸ ಮಾಡಬೇಕೆಂಬ ಆಸೆ ಇದೆ. ಸಾಧ್ಯವೇ?
– ಓದುಗ, ಚಿತ್ರದುರ್ಗ

ಉತ್ತರ: ಸಾಧ್ಯವಿದೆ. 2018ರ ಚಿತ್ರಗಳಿಗೆ ಕೊಟ್ಟ 66ನೆಯ ರಾಷ್ಟ್ರೀಯ ಪ್ರಶಸ್ತಿಗಳಲ್ಲಿ ‘ಕೆಜಿಎಫ್’ ಮೊದಲ ಭಾಗಕ್ಕೆ ಸ್ಪೆಷಲ್ ಎಫೆಕ್ಟ್ಸ್ ಪ್ರಶಸ್ತಿ ಬಂದ ಮೇಲೆ ನಿರ್ಮಾಪಕರ ಧೈರ್ಯ ಹೆಚ್ಚಿದೆ. ಕನ್ನಡದ ಸ್ಟುಡಿಯೋಗಳು ಚಿಕ್ಕವು. ಅಲ್ಲಿ ಒಬ್ಬರೇ ಮೂರು ವಿಭಾಗಗಳ ಕೆಲಸ ಮಾಡಬೇಕಾಗುತ್ತದೆ. ಕಲಿಯಲು ಅದು ಒಳ್ಳೆಯದು, ಸಂಬಳ ತಿಂಗಳು ತಿಂಗಳು ಸರಿಯಾಗಿ ಬರುತ್ತದೆಯೇ ಎಂದು ಒಳಗಿರುವವರನ್ನು ವಿಚಾರಿಸಿಕೊಳ್ಳಿ.

ಪ್ರಶ್ನೆ: ಎಷ್ಟು ಬೆಲೆಯ ಲ್ಯಾಪ್‌ಟಾಪ್ ಬೇಕು? ತಂತ್ರಾಂಶಗಳನ್ನು ಕೊಳ್ಳುವ ಶಕ್ತಿ ಇಲ್ಲ.
– ವಿದ್ಯಾರ್ಥಿ, ಕಲಬುರಗಿ

ಉತ್ತರ: ಕದ್ದ ಪ್ರತಿಗಳನ್ನು ಬಳಸುವ ಅಗತ್ಯವೇ ಇಲ್ಲ. ಬ್ಲೆಂಡರ್ ಪೂರ್ತಿ ಉಚಿತ ಮತ್ತು ಮುಕ್ತ. ನ್ಯೂಕ್‌ನ ವಾಣಿಜ್ಯೇತರ ಆವೃತ್ತಿ 1920×1080 ಅಳತೆಯವರೆಗೆ ಉಚಿತ. ವಿದ್ಯಾರ್ಥಿಯೆಂದು ದಾಖಲೆ ಕೊಟ್ಟರೆ ಮಾಯಾ ಕೂಡ ಉಚಿತವಾಗಿಯೇ ಸಿಗುತ್ತದೆ. 16 ಜಿಬಿ ರ್‍ಯಾಮ್ ಮತ್ತು ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇರುವ ಯಂತ್ರ ಸಾಕು, ಹಳೆಯದಾದರೂ ಚಿಂತೆಯಿಲ್ಲ. ಪೈಪ್‌ಲೈನ್ ಕಲಿಯುವವರಿಗೆ ಅದೂ ಬೇಡ, ಲಿನಕ್ಸ್ ಹಾಕಿದ ಸಾಧಾರಣ ಕಂಪ್ಯೂಟರ್ ಸಾಕು.

ಪ್ರಶ್ನೆ: ಮಗ ಬಿ.ಇ. ಮುಗಿಸಿ ಇದೇ ವಿಷಯದಲ್ಲಿ ವಿದೇಶದಲ್ಲಿ ಎಂ.ಎಸ್. ಮಾಡಬೇಕೆನ್ನುತ್ತಿದ್ದಾನೆ. ಎಲ್ಲಿ ಓದಿಸಬಹುದು?
– ತಂದೆ, ಉಡುಪಿ

ಉತ್ತರ: ಎಂಜಿನಿಯರಿಂಗ್ ಹಿನ್ನೆಲೆಯವರಿಗೆಂದೇ ರೂಪಿಸಿದ ಕೋರ್ಸುಗಳಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಕಂಪ್ಯೂಟರ್ ಗ್ರಾಫಿಕ್ಸ್ ಮತ್ತು ಗೇಮ್ ಟೆಕ್ನಾಲಜಿ ಸ್ನಾತಕೋತ್ತರ ಪದವಿ ಹೆಸರಾದದ್ದು. ಟೆಕ್ಸಸ್ ಎ ಅಂಡ್ ಎಂ ವಿಶ್ವವಿದ್ಯಾಲಯದ ವಿಷುಯಲೈಸೇಷನ್ ಕೋರ್ಸ್, ಇಂಗ್ಲೆಂಡಿನ ಬೋರ್ನ್‌ಮೌತ್ ವಿಶ್ವವಿದ್ಯಾಲಯದ ಆನಿಮೇಷನ್ ಕೇಂದ್ರ ಕೂಡ ಸ್ಟುಡಿಯೋಗಳಿಗೆ ಪರಿಚಿತ. ಉದ್ಯೋಗ ಮಾತ್ರ ಓದಿದ ಊರಿನಲ್ಲಿಯೇ ಇರುವುದಿಲ್ಲ. ಕೆನಡಾದ ವ್ಯಾಂಕೂವರ್, ಮಾಂಟ್ರಿಯಲ್ ನಗರಗಳು ಈ ಉದ್ಯಮದ ನೆಲೆಗಳಾದದ್ದು ಅಲ್ಲಿನ ಸರ್ಕಾರಗಳು ಕೊಟ್ಟ ತೆರಿಗೆ ರಿಯಾಯಿತಿಯಿಂದ; ರಿಯಾಯಿತಿ ಕಡಿಮೆಯಾದರೆ ಕೆಲಸವೂ ಗುಳೆ ಹೋಗುತ್ತದೆ, ಜೊತೆಗೆ ವೀಸಾದ ಚಿಂತೆ. ಆದ್ದರಿಂದ ಮಗನಿಗೆ ಎರಡು ವರ್ಷವಾದರೂ ಇಲ್ಲಿಯೇ ಕೆಲಸ ಮಾಡಿ, ಆಮೇಲೆ ಹೋಗಲು ಹೇಳಿ. ಆಗ ವಿಷಯವೂ ತಿಳಿದಿರುತ್ತದೆ, ತಾವು ಹೊರಬೇಕಾದ ಸಾಲವೂ ಇಳಿದಿರುತ್ತದೆ.

ಪ್ರಶ್ನೆ: ಅರ್ಜಿಯ ಜೊತೆ ಶೋರೀಲ್ ಕಳಿಸಿ ಎನ್ನುತ್ತಾರೆ. ಅದರಲ್ಲಿ ಏನಿರಬೇಕು?
– ವಿದ್ಯಾರ್ಥಿನಿ, ತುಮಕೂರು

ಉತ್ತರ: ಶೋರೀಲ್ ಎಂದರೆ ನಿಮ್ಮ ಕೆಲಸದ ಮಾದರಿಗಳನ್ನು ಜೋಡಿಸಿದ ಚಿಕ್ಕ ವೀಡಿಯೊ. ಅದು ಒಂದೂವರೆ ನಿಮಿಷ ಮೀರದಿರಲಿ, ನಿಮ್ಮ ಅತ್ಯುತ್ತಮ ಕೆಲಸ ಮೊದಲ ಹತ್ತು ಸೆಕೆಂಡಿನಲ್ಲಿಯೇ ಬರಲಿ. ನೋಡುವವರು ದಿನಕ್ಕೆ ಹತ್ತಾರು ನೋಡುತ್ತಾರೆ, ಕೊನೆಯವರೆಗೆ ಕಾಯುವುದಿಲ್ಲ. ಯೂಟ್ಯೂಬ್ ಪಾಠವೊಂದನ್ನು ಹಾಗೆಯೇ ಅನುಸರಿಸಿ ಮಾಡಿದ ಸ್ಫೋಟವನ್ನು ಹಾಕಬೇಡಿ. ಅದೇ ಸ್ಫೋಟವನ್ನು ಅವರು ನೂರಾರು ಅರ್ಜಿಗಳಲ್ಲಿ ಕಂಡಿರುತ್ತಾರೆ. ಗುಂಪಿನಲ್ಲಿ ಮಾಡಿದ ಕೆಲಸವಾದರೆ ನಿಮ್ಮ ಪಾಲು ಯಾವುದೆಂದು ಪರದೆಯ ಮೇಲೆಯೇ ಬರೆಯಿರಿ. ಇಂಟರ್ನ್‌ಶಿಪ್‌ನಲ್ಲಿ ಬಿಡುಗಡೆಯಾಗದ ಚಿತ್ರಕ್ಕೆ ಮಾಡಿದ ಶಾಟನ್ನು ಅನುಮತಿಯಿಲ್ಲದೆ ಸೇರಿಸಿದರೆ, ಗೋಪ್ಯತೆಯ ಕರಾರು ಮುರಿದವರೆಂದು ಒಂದೇ ದಿನದಲ್ಲಿ ಎಲ್ಲೆಡೆ ಹೆಸರು ಕೆಡುತ್ತದೆ. ಪೈಪ್‌ಲೈನ್ ಹುದ್ದೆಗೆ ರೀಲಿನ ಬದಲು ಗಿಟ್‌ಹಬ್ ಕೊಂಡಿಯನ್ನೂ, ಸಾಧನವು ಕೆಲಸ ಮಾಡುವುದನ್ನು ತೋರಿಸುವ ಎರಡು ನಿಮಿಷದ ಸ್ಕ್ರೀನ್ ರೆಕಾರ್ಡಿಂಗನ್ನೂ ಕಳಿಸಿ. ರೆಕಾರ್ಡಿಂಗ್‌ಗೆ ಹಿನ್ನೆಲೆ ಸಂಗೀತ ಬೇಡ. ಆ ಸಾಧನ ಯಾರ ಯಾವ ತೊಂದರೆಗಾಗಿ ಹುಟ್ಟಿತು ಎಂದು ನಿಮ್ಮ ದನಿಯಲ್ಲಿಯೇ ಹೇಳಿ.